ಮೈಸೂರಿನ ಹಳೇ ಮನೆ ಮಾರಿದ್ದೇವೆ, 18 ದಿನದಲ್ಲಿ ಕೀ ಕೊಡಬೇಕು. ಏನು ಬಿಡಬೇಕು, ಏನು ತೆಗೆದುಕೊಂಡು ಹೋಗಬಹುದು?

ಸರಸ್ವತಿಪುರಂ_ಮಗಳು
ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿದ್ದ ನಮ್ಮ ಮನೆ ಮಾರಿದ್ದೇವೆ. ಅಪ್ಪ 1984ರಲ್ಲಿ ಕಟ್ಟಿಸಿದ್ದು. ಕೆಳಗೆ ಎರಡು ರೂಮು. ಮೇಲಿನ ರೂಮು 2006ರಲ್ಲಿ ಹಾಕಿಸಿದ್ದು. ಹಿತ್ತಲಲ್ಲಿ ಒಂದು ತೆಂಗಿನ ಮರ, ಒಂದು ಕರಿಬೇವು. ಅಪ್ಪ ಹೋಗಿ ಮೂರು ವರ್ಷ ಆಯಿತು. ಅಮ್ಮನಿಗೆ ಮಂಡಿ ನೋವು, ಒಬ್ಬರೇ ಇರುವುದು ಕಷ್ಟ. ಬೆಂಗಳೂರಿಗೆ ನನ್ನ ಹತ್ತಿರ ಬರುತ್ತಿದ್ದಾರೆ.

ಹೋದ ವಾರ ರಿಜಿಸ್ಟ್ರೇಷನ್ ಆಯಿತು. ಹಣ ಪೂರ್ತಿ ಬಂದಿದೆ. ಖಾಲಿ ಮಾಡಲು 18 ದಿನ ಕೊಟ್ಟಿದ್ದಾರೆ. ಕೊಂಡವರು ಹಾಸನದ ಕಡೆಯ ಗಂಡ ಹೆಂಡತಿ, ಒಂದು ಪುಟ್ಟ ಮಗು. ಆಷಾಢ ಬರುವುದರೊಳಗೆ ಹಾಲುಕ್ಕಿಸಬೇಕು ಅಂತಿದ್ದಾರೆ. ಹಾಗಾಗಿ ದಿನ ಮುಂದಕ್ಕೆ ಹಾಕುವ ಮಾತೇ ಇಲ್ಲ.

ಕೇಳಬೇಕಾದ್ದು ಬೇಕಾದಷ್ಟಿದೆ. ಮೊದಲನೆಯದು, ದೇವರ ಮನೆಯ ಬಾಗಿಲು. ತೇಗದ್ದು, ಜೋಡಿ ಬಾಗಿಲು, ಸಣ್ಣ ಸಣ್ಣ ಹಿತ್ತಾಳೆ ಗಂಟೆ ಇವೆ. ಅಮ್ಮ ಅದನ್ನು ಬಿಚ್ಚಿಸಿಕೊಂಡು ಬರುತ್ತೇನೆ ಅಂತಾರೆ. ಕ್ರಯಪತ್ರದಲ್ಲಿ ಬಾಗಿಲಿನ ಸುದ್ದಿಯೇ ಇಲ್ಲ. ಆಮೇಲೆ ಹಾಲಿನ ಉಯ್ಯಾಲೆ, ತುಳಸಿ ಕಟ್ಟೆ. ಕರೆಂಟು, ನೀರು, ಗ್ಯಾಸ್ ಏನು ಮಾಡಬೇಕು? ಪೇಂಟ್ ಹೊಡೆಸಿ ಕೊಡಬೇಕಾ? ಅಟ್ಟದ ಮೇಲೆ 40 ವರ್ಷದ ಸಾಮಾನು ಇದೆ. ಎಲ್ಲಿಂದ ಶುರು ಮಾಡುವುದು ಗೊತ್ತಾಗುತ್ತಿಲ್ಲ.

ಹಳೇ_ಮೀಟರ್
ಕರೆಂಟಿನ ವಿಷಯ ನಾನು ಹೇಳುತ್ತೇನೆ. ಅದೇ ಇಲಾಖೆಯಲ್ಲಿ ಇದ್ದು ರಿಟೈರ್ ಆದವನು. ಕೀ ಕೊಡುವ ದಿನ ಮೀಟರ್ ರೀಡಿಂಗ್ ಫೋಟೋ ತೆಗೆಯಿರಿ, ಕೊಂಡವರು ಪಕ್ಕದಲ್ಲೇ ಇರಲಿ. ಒಂದು ಹಾಳೆಯಲ್ಲಿ ಆರ್.ಆರ್. ನಂಬರ್ (ಬಿಲ್ಲಿನ ಮೇಲಿರುವ ಕನೆಕ್ಷನ್ ನಂಬರ್), ರೀಡಿಂಗ್, ತಾರೀಖು ಬರೆದು ಇಬ್ಬರೂ ಸಹಿ ಹಾಕಿ. ಅಲ್ಲಿಯವರೆಗಿನ ಬಿಲ್ಲು ನಿಮ್ಮದು, ಆಮೇಲಿಂದ ಅವರದು.

ಹೆಸರು ಬದಲಾಯಿಸಲು ಅರ್ಜಿ ಹಾಕುವವರು ಅವರು. ಆದರೆ ಹಳೇ ಡೆಪಾಸಿಟ್ ಅವರ ಹೆಸರಿಗೆ ಹೋಗಬೇಕಾದರೆ ಅಮ್ಮನ ಒಪ್ಪಿಗೆ ಪತ್ರ ಬೇಕಾಗುತ್ತದೆ. ಇಲ್ಲದಿದ್ದರೆ ಅವರು ಹೊಸದಾಗಿ ಡೆಪಾಸಿಟ್ ಕಟ್ಟಬೇಕು. ಈಗಲೇ ಒಂದು ಪತ್ರ ಬರೆದು ಸಹಿ ಹಾಕಿಸಿ ಇಟ್ಟುಕೊಳ್ಳಿ.

ಇನ್ನೊಂದು, ಜಾಸ್ತಿ ಜನ ಮರೆಯುವುದು ಇದನ್ನೇ. ಗೃಹಜ್ಯೋತಿ, ಅದೇ ಸರ್ಕಾರದ ಉಚಿತ ಕರೆಂಟು ಯೋಜನೆ! ಆ ಆರ್.ಆರ್. ನಂಬರಿಗೆ ಅಮ್ಮನ ಆಧಾರ್ ಜೋಡಣೆ ಆಗಿರುತ್ತದೆ. ಅದನ್ನು ಬಿಡಿಸದಿದ್ದರೆ ಹೊಸಬರಿಗೆ ತೊಂದರೆ. ಅಮ್ಮ ನಾಳೆ ಬೇರೆ ಮನೆಗೆ ಅರ್ಜಿ ಹಾಕಿದರೂ ತೊಂದರೆ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲೇ ಬಿಡಿಸಬಹುದು.

ಸರಸ್ವತಿಪುರಂ_ಮಗಳು
ಅಯ್ಯೋ, ಗೃಹಜ್ಯೋತಿ ನೆನಪೇ ಇರಲಿಲ್ಲ ಸರ್. ತುಂಬಾ ಥ್ಯಾಂಕ್ಸ್. ಇವತ್ತೇ ನೋಡುತ್ತೇನೆ.

ಕೋರ್ಟು_ಕಚೇರಿ
ಬಾಗಿಲಿನ ವಿಷಯ. ನಾನು ವಕೀಲ, ನಿಷ್ಠುರವಾಗಿ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಬಾಗಿಲು ಈಗ ನಿಮ್ಮದಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಸೆಕ್ಷನ್ ಇದೆ. ಮನೆ ಕೈ ಬದಲಾದರೆ ಅದರ ಜೊತೆ ಏನೇನು ಹೋಗುತ್ತದೆ ಅಂತ ಅದರಲ್ಲಿ ಹೆಸರು ಹಿಡಿದು ಹೇಳಿದ್ದಾರೆ: ಬೀಗ, ಕೀಲಿ, ಅಗುಳಿ, ಬಾಗಿಲು, ಕಿಟಕಿ, ಮತ್ತೆ ಕಾಯಂ ಬಳಕೆಗೆ ಅಂತ ಮನೆಗೆ ಮಾಡಿಸಿದ ಎಲ್ಲವೂ. ನೂರ ನಲವತ್ತು ವರ್ಷದ ಹಿಂದೆಯೇ ಈ ಜಗಳ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು ನೋಡಿ. 'ಇದನ್ನು ನಾವು ಇಟ್ಟುಕೊಳ್ಳುತ್ತೇವೆ' ಅಂತ ಪತ್ರದಲ್ಲಿ ಬರೆಸಿದ್ದರೆ ಅದು ಬೇರೆ ಮಾತು. ನೀವು ಬರೆಸಿಲ್ಲ. ತೆಂಗಿನ ಮರ, ಕರಿಬೇವು, ತುಳಸಿ ಕಟ್ಟೆ ಕೂಡ ನೆಲಕ್ಕೆ ಸೇರಿದ್ದು, ಮನೆಯ ಜೊತೆಗೇ ಹೋಯಿತು.

ಉಯ್ಯಾಲೆ ಹಾಗಲ್ಲ. ಸೂರಿಗೆ ಹಾಕಿದ ಕೊಂಡಿ ಮನೆಯದ್ದು. ಹಲಗೆ, ಸರಪಳಿ ಕಳಚಿದರೆ ಬರುತ್ತವೆ, ಅವು ನಿಮ್ಮವು ಅಂತ ನನ್ನ ಅಭಿಪ್ರಾಯ. ಆದರೂ ಕೊಂಡವರಿಗೆ ಒಂದು ಮಾತು ಹೇಳಿಯೇ ತೆಗೆಯಿರಿ.

ತೊಟ್ಟಿಮನೆ
ವಕೀಲರೇ, ನಿಮ್ಮ ಕಾಯ್ದೆ ಸರಿ ಇರಬಹುದು. ಆದರೆ ದೇವರ ಮನೆ ಬಾಗಿಲು ಬೆಡ್‌ರೂಮ್ ಬಾಗಿಲಿನ ಹಾಗಾ? ಆ ಅಮ್ಮ 40 ವರ್ಷ ಅದರ ಮುಂದೆ ಕೂತು ದೀಪ ಹಚ್ಚಿದ್ದಾರೆ. ಬಿಚ್ಚಿಕೊಂಡು ಹೋಗಲಿ. ಅದರ ಬದಲು ಒಂದು ಒಳ್ಳೇ ಹೊಸ ಬಾಗಿಲು ಹಾಕಿಸಿಕೊಟ್ಟರೆ ಆಯಿತು.

ಕೋರ್ಟು_ಕಚೇರಿ
ಬದಲಿ ಹಾಕಿಸಿಕೊಟ್ಟರೂ ಕೇಳಿಯೇ ಹಾಕಿಸಬೇಕು ಸ್ವಾಮಿ. ಹಣ ಪೂರ್ತಿ ಬಂದಿದೆ, ರಿಜಿಸ್ಟ್ರೇಷನ್ ಆಗಿದೆ. ಈಗ ಅವರು ಇರುವುದು ಬೇರೆಯವರ ಮನೆಯಲ್ಲಿ. ಮನಸ್ಸಿಗೆ ಕಷ್ಟ ಆಗುತ್ತದೆ, ಆದರೆ ಅದು ಹಾಗೇ.

ಕೊಂಡವರ_ಕಡೆಯಿಂದ
ನಾನು ಆಚೆ ಕಡೆಯವಳು, ಮನೆ ಕೊಂಡವಳು. ನಮಗಾದದ್ದನ್ನು ಹೇಳುತ್ತೇನೆ, ಕೇಳಿ.

ತುಮಕೂರಿನಲ್ಲಿ ಹಳೇ ಮನೆ ತೆಗೆದುಕೊಂಡೆವು. ಕೀ ಕೈಗೆ ಬಂದದ್ದು ಸಂಜೆ ಆರೂವರೆಗೆ. ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಸ್ವಿಚ್ ಒತ್ತಿದರೆ ಲೈಟಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಬಲ್ಬಿನ ಜೊತೆ ಹೋಲ್ಡರನ್ನೂ ಕತ್ತರಿಸಿಕೊಂಡು ಹೋಗಿದ್ದಾರೆ! ಎರಡು ವೈರು ಬೋಳಾಗಿ ನೇತಾಡುತ್ತಿದ್ದವು, ಟೇಪೂ ಸುತ್ತಿಲ್ಲ. ಬಚ್ಚಲಲ್ಲಿ ನಲ್ಲಿ ಬಿಚ್ಚಿ, ಆ ತೂತಿಗೆ ಬಟ್ಟೆ ತುರುಕಿದ್ದರು. ಕಿಟಕಿಯ ಕರ್ಟನ್ ರಾಡು, ಕಾಲಿಂಗ್ ಬೆಲ್, ಗೇಟಿನ ಬೀಗ ಒಂದೂ ಇಲ್ಲ. ಎಲ್ಲಾ ಸೇರಿ ಏನು ಮಹಾ ಬೆಲೆ? ಎರಡೂವರೆ ಸಾವಿರ ಇರಬಹುದು. ಮನೆಗೆ ಕೊಟ್ಟದ್ದು 62 ಲಕ್ಷ. ಆ ರಾತ್ರಿ ನಾನು ಅಳುತ್ತಾ ಕೂತಿದ್ದೆ. ಹೊಸ ಮನೆ ಅನ್ನುವ ಖುಷಿ ಒಂದು ಚೂರೂ ಉಳಿದಿರಲಿಲ್ಲ.

ದಯವಿಟ್ಟು ಪ್ರತಿ ರೂಮಿನಲ್ಲೂ ಒಂದು ಉರಿಯುವ ಬಲ್ಬು ಬಿಟ್ಟು ಬನ್ನಿ. ಬಚ್ಚಲಲ್ಲಿ ಒಂದು ಬಕೆಟ್, ಒಂದು ಚೊಂಬು ಇರಲಿ. ಅಷ್ಟು ಮಾಡಿದರೆ ಅವರು ನಿಮ್ಮನ್ನು ಜೀವನಪೂರ್ತಿ ನೆನೆಯುತ್ತಾರೆ.

ಚಿಕ್ಕಪೇಟೆ
ಹೋಲ್ಡರ್ ಕತ್ತರಿಸಿದರಾ! ಛೇ.

ನಲ್ಲಿ_ನೀರು
ನಾನು ಪ್ಲಂಬಿಂಗ್ ಕೆಲಸ ಮಾಡುವವನು. ಮನೆ ಕೈ ಬದಲಾದ ಮೊದಲ ವಾರ ನಮಗೆ ಫೋನ್ ಬಂದೇ ಬರುತ್ತದೆ. ಕೆಟ್ಟು ಹೋಗಿರುವುದು ಏನೂ ಇರುವುದಿಲ್ಲ. ಯಾವ ವಾಲ್ವು ಯಾವುದಕ್ಕೆ ಅಂತ ಗೊತ್ತಿರುವುದಿಲ್ಲ, ಅಷ್ಟೇ.

ಹಳೇ ಮನೆಯಲ್ಲಿ ಪೈಪು ಹೇಗೆ ಹೋಗಿದೆ ಅಂತ ಮನೆಯವರಿಗೆ ಮಾತ್ರ ಗೊತ್ತು. ಕಾರ್ಪೊರೇಷನ್ ನೀರು ಸಂಪಿಗೆ ಬೀಳುವ ವಾಲ್ವು ಒಂದು, ಬೋರಿನದ್ದು ಇನ್ನೊಂದು. ಮೇಲಿನ ಟ್ಯಾಂಕಿನಿಂದ ಅಡುಗೆ ಮನೆಗೆ ಬೇರೆ, ಬಚ್ಚಲಿಗೆ ಬೇರೆ, ಸೋಲಾರ್‌ಗೆ ಬೇರೆ. ಕೆಲವನ್ನು ಎಡಕ್ಕೆ ತಿರುಗಿಸಬೇಕು, ಕೆಲವು ತಿರುಗಿಸಿದರೆ ಕೈಗೇ ಬರುತ್ತವೆ! ಅಂಥದ್ದು ಇದ್ದರೆ 'ಇದನ್ನು ಮುಟ್ಟಬೇಡಿ' ಅಂತ ಮುಂಚೆಯೇ ಹೇಳಿ.

ಹೀಗೆ ಮಾಡಿ. ಒಂದು ಮಾರ್ಕರ್ ಪೆನ್ನು ತೆಗೆದುಕೊಂಡು ಪ್ರತಿ ವಾಲ್ವಿನ ಪಕ್ಕ ಗೋಡೆಯ ಮೇಲೇ ಬರೆಯಿರಿ. ಆಮೇಲೆ ಮೋಟರ್ ಹಾಕಿದರೆ ಟ್ಯಾಂಕು ತುಂಬಲು ಎಷ್ಟು ನಿಮಿಷ, ನೀರು ಯಾವ ಹೊತ್ತಿಗೆ ಬಿಡುತ್ತಾರೆ, ಯು.ಜಿ.ಡಿ. (ಒಳಚರಂಡಿ) ಚೇಂಬರಿನ ಮುಚ್ಚಳ ಎಲ್ಲಿದೆ ಅಂತಲೂ ಬರೆಯಿರಿ. ಚೇಂಬರ್ ಮುಚ್ಚಳದ ಮೇಲೆ ಟೈಲ್ಸ್ ಹಾಕಿಸಿ ಮುಚ್ಚಿದ ಮನೆಗಳನ್ನು ನೋಡಿದ್ದೇನೆ. ಕಟ್ಟಿಕೊಂಡಾಗ ಅಂಗಳವನ್ನೆಲ್ಲ ಅಗೆಯಬೇಕಾಗುತ್ತದೆ.

ಟ್ಯಾಂಕು, ಸಂಪು ಎರಡನ್ನೂ ತೊಳೆಸಿ ಕೊಡಿ. ಪೇಂಟಿಗಿಂತ ಅದು ಮುಖ್ಯ.

ಸರಸ್ವತಿಪುರಂ_ಮಗಳು
ಇದನ್ನು ಓದಿ ಅಮ್ಮನ ಹತ್ತಿರ ಕೇಳಿದೆ. 'ಅದೆಲ್ಲಾ ನಿಮ್ಮಪ್ಪನಿಗೆ ಗೊತ್ತಿತ್ತು' ಅಂದರು. ಈಗ ಏನು ಮಾಡಲಿ? ನನಗಂತೂ ಒಂದೂ ಗೊತ್ತಿಲ್ಲ.

ನಲ್ಲಿ_ನೀರು
ಒಬ್ಬ ಪ್ಲಂಬರನ್ನು ಕರೆಸಿ, ಒಂದು ಗಂಟೆಯ ಕೆಲಸ. ಒಂದೊಂದೇ ವಾಲ್ವು ಮುಚ್ಚಿ, ಯಾವ ನಲ್ಲಿ ನಿಲ್ಲುತ್ತದೆ ನೋಡುತ್ತಾ ಬರೆದುಕೊಳ್ಳಿ. ನೀವೂ ಜೊತೆಯಲ್ಲೇ ಇರಿ.

ಲೆಕ್ಕದ_ಪುಸ್ತಕ
ಅಟ್ಟ ಖಾಲಿ ಮಾಡುವ ಮುಂಚೆ ಒಂದು ಮಾತು. ಹಳೇ ಕಾಗದ ಪತ್ರ ಅಂತ ಗುಜರಿಗೆ ಹಾಕಿಬಿಡಬೇಡಿ! ಮೇಲಿನ ರೂಮು 2006ರಲ್ಲಿ ಕಟ್ಟಿಸಿದ್ದು ಅಂದಿರಿ. ಸಿಮೆಂಟು, ಕಬ್ಬಿಣದ ಬಿಲ್ಲು, ಮೇಸ್ತ್ರಿಗೆ ಕೊಟ್ಟ ಹಣದ ರಸೀದಿ ಇದ್ದರೆ ಹುಡುಕಿ ಇಟ್ಟುಕೊಳ್ಳಿ. ಮನೆ ಮಾರಿದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಆ ಖರ್ಚನ್ನು ಕಳೆಯಲು ಬರುತ್ತದೆ. ಮೂಲ ಮನೆ 2001ಕ್ಕಿಂತ ಹಳೆಯದು. ಹಾಗಾಗಿ ಅದಕ್ಕೆ ಕಟ್ಟಿಸಿದಾಗಿನ ಖರ್ಚಿನ ಬದಲು 2001ರ ಏಪ್ರಿಲ್ 1ರ ಬೆಲೆಯನ್ನು ಹಿಡಿಯಬಹುದು. ತಂದೆಯಿಂದ ಬಂದ ಮನೆಯಾದರೂ ಹಾಗೇ.

ಕೊಂಡವರು ಟಿ.ಡಿ.ಎಸ್., ಅಂದರೆ ಕೊಡುವ ಹಣದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿದಿದ್ದರೆ (ಮನೆ 50 ಲಕ್ಷ ಅಥವಾ ಅದಕ್ಕೆ ಮೇಲಾದರೆ ನೂರಕ್ಕೆ ಒಂದು) ಅದು ಅಮ್ಮನ ಪ್ಯಾನ್‌ನಲ್ಲಿ ಬಂದಿದೆಯಾ ನೋಡಿ. ಕೀ ಕೊಟ್ಟ ಮೇಲೆ ಅವರ ಹಿಂದೆ ಬಿದ್ದು ಕೇಳುವುದು ಕಷ್ಟ.

ಚಿಕ್ಕಪೇಟೆ
ಅವರು ಕೇಳಿದ್ದು ಮನೆ ಖಾಲಿ ಮಾಡುವುದು ಹೇಗೆ ಅಂತ. ತೆರಿಗೆ ಪಾಠ ಯಾಕೆ?

ಲೆಕ್ಕದ_ಪುಸ್ತಕ
ಯಾಕೆಂದರೆ ಆ ಬಿಲ್ಲುಗಳು ಇರುವುದು ಅಟ್ಟದ ಮೇಲೇ. ನಮ್ಮ ದೊಡ್ಡಪ್ಪನ ಮನೆ ಮಾರಿದಾಗ ಎರಡು ಟ್ರಂಕು ಕಾಗದವನ್ನು ತೂಕಕ್ಕೆ ಹಾಕಿದರು. ಆರು ತಿಂಗಳಾದ ಮೇಲೆ ಆಡಿಟರ್ ಕೇಳಿದಾಗ ಒಂದು ಚೀಟಿಯೂ ಇರಲಿಲ್ಲ. ಲಕ್ಷಗಟ್ಟಲೆ ಹೋಯಿತು.

ಧಾರವಾಡದ_ಓಣಿ
ಅಟ್ಟದ ಸಾಮಾನಿನ ಬಗ್ಗೆ ನಾನೂ ಒಂದೆರಡು ಮಾತು ಹೇಳುತ್ತೇನೆ ನೋಡ್ರಿ. ಹೋದ ವರ್ಷ ನಮ್ಮ ಅಜ್ಜಿಯ ಮನೆ ಖಾಲಿ ಮಾಡಿದೆವು. ತಾಮ್ರದ ಹಂಡೆ, ಹಿತ್ತಾಳೆ ಕೊಡ, ಬೀಸುವ ಕಲ್ಲು, ಒಳಕಲ್ಲು, ಅಡಕೊತ್ತು, ಶ್ಯಾವಿಗೆ ಮಣೆ. ಹಳೇ ಸಾಮಾನಿನವ ಬಂದು ಎಲ್ಲಾ ಸೇರಿಸಿ ಒಂದು ರೇಟು ಹೇಳಿದ. ಸುಸ್ತಾಗಿತ್ತು, ಕೊಟ್ಟುಬಿಟ್ಟೆವು. ಆಮೇಲೆ ಗೊತ್ತಾಯಿತು, ಹಂಡೆಯ ತಾಮ್ರದ ತೂಕಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು. ತಾಮ್ರ ಬೇರೆ, ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ಮಾಡಿ. ನಿಮ್ಮ ಕಣ್ಣೆದುರಿಗೇ ತೂಕ ಹಾಕಿಸಿ.

ನೆಲಕ್ಕೆ ಹೂತ ಒರಳು ಇದ್ದರೆ ಅಗೆಯಲು ಹೋಗಬೇಡಿ. ನಾವು ಅಗೆದೆವು. ಸುತ್ತ ನಾಲ್ಕು ಕಡಪಾ ಕಲ್ಲು ಒಡೆದವು. ರಿಪೇರಿ ಖರ್ಚು ಒರಳಿಗಿಂತ ಜಾಸ್ತಿ ಆಯಿತು.

ತೊಟ್ಟಿಮನೆ
ಹಂಡೆ ಕೊಟ್ಟಿರಾ?! ಈಗ ಅಂಥ ಹಂಡೆ ಸಿಗುವುದೇ ಇಲ್ಲ. ನಮ್ಮ ಮನೆಯಲ್ಲಿ ಇಂದಿಗೂ ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆ ಹೊರಗೆ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುತ್ತ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ನೀರು ತುಂಬುತ್ತೇವೆ.

ಧಾರವಾಡದ_ಓಣಿ
ಈಗ ಹೊಟ್ಟೆ ಉರಿಸಬೇಡ್ರಿ. ಅಜ್ಜಿಗೆ ಇನ್ನೂ ಹೇಳಿಲ್ಲ.

ಗುಡಿಬೀದಿ_ಅತ್ತೆ
ತುಳಸಿ ಬಗ್ಗೆ ನಾನು ಹೇಳುತ್ತೇನೆ ಮಗಳೇ. ಕಟ್ಟೆಯನ್ನು ಒಡೆಯಬೇಡ. ಗಿಡವನ್ನೂ ಬುಡಸಮೇತ ಕೀಳಬೇಡ. ಕದಿರು ಒಣಗಿರುತ್ತಲ್ಲ, ಅದನ್ನು ಉಜ್ಜಿದರೆ ಬೀಜ ಬರುತ್ತದೆ. ಒಂದು ಕಾಗದದಲ್ಲಿ ಕಟ್ಟಿಕೋ. ಇಲ್ಲವೇ ಬುಡದಲ್ಲಿ ಹುಟ್ಟಿರುವ ಸಣ್ಣ ಸಸಿಯನ್ನು ಮಣ್ಣಿನ ಜೊತೆ ಕುಂಡಕ್ಕೆ ಹಾಕಿಕೋ. ಅಮ್ಮ ಬೆಂಗಳೂರಿನ ಬಾಲ್ಕನಿಯಲ್ಲಿ ಅದಕ್ಕೆ ನೀರು ಹಾಕಲಿ. ತಾಯಿಗಿಡ ಅಲ್ಲೇ ಇರಲಿ, ಬಂದ ಹೆಣ್ಣುಮಗಳು ಪೂಜೆ ಮಾಡುತ್ತಾಳೆ.

ಮನೆಯನ್ನು ಬರಿದು ಮಾಡಿ ಬಿಡುವುದು ನಮ್ಮಲ್ಲಿಲ್ಲ. ನಾವು ಹೊರಡುವ ದಿನ ಅಡುಗೆ ಮನೆಯಲ್ಲಿ ಒಂದು ಬಟ್ಟಲು ಅಕ್ಕಿ, ಒಂದು ಅಚ್ಚು ಬೆಲ್ಲ, ಒಂದು ಚೊಂಬು ನೀರು ಇಟ್ಟು ಬಂದೆವು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದು ಈಚೆ ಬಂದೆವು.

ಗ್ಯಾಸು_ಪೋಸ್ಟು
ಗ್ಯಾಸ್ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ಬೇರೆ ಊರಿಗೆ ಹೋಗುವವರು ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ವಾಪಸ್ ಕೊಟ್ಟು ಟರ್ಮಿನೇಷನ್ ವೋಚರ್ (ಕನೆಕ್ಷನ್ ಮುಗಿಸಿದ್ದಕ್ಕೆ ಕೊಡುವ ಚೀಟಿ) ತೆಗೆದುಕೊಳ್ಳಬೇಕು. ಡೆಪಾಸಿಟ್ ಹಣ ವಾಪಸ್ ಬರುತ್ತದೆ. ಮಗಳ ಮನೆಯಲ್ಲಿ ಹೇಗೂ ಕನೆಕ್ಷನ್ ಇರುತ್ತದೆ, ಅಮ್ಮನದ್ದು ಸರೆಂಡರ್ ಮಾಡಿ ಮುಗಿಸಿ. ಸಿಲಿಂಡರನ್ನು ಹೊಸಬರಿಗೆ ಸುಮ್ನೆ ಬಿಟ್ಟು ಬರಬೇಡಿ. ಅದು ಅಮ್ಮನ ಹೆಸರಲ್ಲಿದೆ, ಏನಾದರೂ ಆದರೆ ಜವಾಬ್ದಾರಿ ನಿಮ್ಮ ತಲೆಗೆ.

ಅಮ್ಮನಿಗೆ ಪಿಂಚಣಿ ಬರುತ್ತಿದ್ದರೆ ಬ್ಯಾಂಕಿನಲ್ಲಿ ವಿಳಾಸ ಬದಲಾಯಿಸಿ. ಆಧಾರ್, ರೇಷನ್ ಕಾರ್ಡು, ವೋಟರ್ ಐಡಿ, ಎಲ್.ಐ.ಸಿ. ಪಾಲಿಸಿ ಎಲ್ಲದರಲ್ಲೂ ವಿಳಾಸ ಬದಲಾಗಬೇಕು. ಬೀದಿಯ ಪೋಸ್ಟ್‌ಮ್ಯಾನ್‌ಗೆ ಹೇಳಿ, ನಿಮ್ಮ ನಂಬರ್ ಕೊಡಿ. ನಮ್ಮ ಮಾವನವರ ಕಾಗದಗಳು ಹಳೇ ಮನೆಗೆ ಎರಡು ವರ್ಷ ಹೋಗುತ್ತಿದ್ದವು. ಹೊಸಬರು ಪಾಪ ಒಂದು ಚೀಲದಲ್ಲಿ ತುಂಬಿ ಇಟ್ಟಿದ್ದರು.

ಕೃಷ್ಣೆಯ_ದಂಡೆ
ಪೇಂಟ್ ಹೊಡೆಸಿ ಕೊಡಿ. ಎಷ್ಟು ಚೆನ್ನಾಗಿ ಕಾಣುತ್ತದೆ!

ಕೊಂಡವರ_ಕಡೆಯಿಂದ
ಬೇಡವೇ ಬೇಡ. ಅವರ ಬಣ್ಣ ಅವರು ಹೊಡೆಸಿಕೊಳ್ಳುತ್ತಾರೆ. ಹೊಸ ಪೇಂಟು ನೋಡಿದರೆ ನನಗಂತೂ ಅನುಮಾನವೇ ಬರುತ್ತದೆ. ಗೋಡೆಯ ತೇವ, ಬಿರುಕು ಮುಚ್ಚಲು ಹೊಡೆಸಿದ್ದಾರೇನೋ ಅಂತ. ಮಳೆಗಾಲದಲ್ಲಿ ಯಾವ ಮೂಲೆ ಸೋರುತ್ತದೆ, ಯಾವ ಕಿಟಕಿಗೆ ಗೆದ್ದಲು ಹಿಡಿದಿತ್ತು ಅಂತ ಬಾಯಿಬಿಟ್ಟು ಹೇಳಿದರೆ ಸಾಕು.

ಕೋರ್ಟು_ಕಚೇರಿ
ಅದು ಬರೀ ಒಳ್ಳೆಯತನದ ಮಾತಲ್ಲ. ಅದೇ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳುವವರಿಗೆ ಮೇಲ್ನೋಟಕ್ಕೆ ಕಾಣದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಅದನ್ನು ಹೇಳಲೇಬೇಕು. ಮಾರುವ ಮಾತಾದ ಮೇಲೆ ಕೈಗೆ ಕೊಡುವವರೆಗೆ ಮನೆಯನ್ನು ತನ್ನದೇ ಅನ್ನುವ ಹಾಗೆ ಜೋಪಾನ ಮಾಡಬೇಕು. ಮಾರಿದ ದಿನದವರೆಗಿನ ಕಂದಾಯ ಕಟ್ಟಿರಬೇಕು. ಹಣ ಬಂದ ಮೇಲೆ ಮನೆಯ ಮೂಲ ಪತ್ರಗಳನ್ನು ಕೊಡಬೇಕು. ನೀವು ಏನೇನು ಕೊಟ್ಟಿರಿ ಅಂತ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಒಂದು ಸೆಟ್ ಜೆರಾಕ್ಸ್ ನಿಮ್ಮ ಹತ್ತಿರ ಇರಲಿ, ತೆರಿಗೆಗೆ ಬೇಕಾಗುತ್ತದೆ.

ಕರಾವಳಿ_ಕಡೆಯವ
ನಮ್ಮ ಕಡೆ ಮನೆ ಕೊಡುವಾಗ ನಲ್ಲಿ ಬಲ್ಬಿಗಿಂತ ದೊಡ್ಡ ಪ್ರಶ್ನೆ ನಾಗಬನದ್ದು. ಉಡುಪಿ ಹತ್ತಿರ ನಮ್ಮ ಚಿಕ್ಕಪ್ಪನ ಮನೆ ಮಾರಿದೆವು. ಜಾಗದ ಮೂಲೆಯಲ್ಲಿ ಬನ ಇತ್ತು. ಅದನ್ನು ತೆಗೆಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಕೊನೆಗೆ ಪತ್ರದಲ್ಲೇ ಬರೆಸಿದೆವು: ಬನದ ಜಾಗ ಹಾಗೇ ಇರಬೇಕು, ನಾಗರ ಪಂಚಮಿಗೆ ನಮ್ಮ ಕುಟುಂಬದವರು ಬಂದು ತನು (ನಾಗನಿಗೆ ಎರೆಯುವ ಹಾಲು, ಎಳನೀರು) ಹಾಕಬಹುದು, ಅದಕ್ಕೆ ನಡೆಯುವ ದಾರಿ ಬಿಡಬೇಕು. ಕೊಂಡವರು ಒಳ್ಳೆಯವರು. ಈಗ ನಾವು ಹೋಗುವುದರೊಳಗೆ ಅವರೇ ಬನ ಗುಡಿಸಿ ಎಳನೀರು ತಂದು ಇಟ್ಟಿರುತ್ತಾರೆ.

ನಿಮ್ಮ ಬಾಗಿಲಿಗೂ ಅದೇ. ಮುಂಚೆ ಮಾತಾಡಿ ಬರೆಸಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಮುಂದೆ ಮಾರುವವರಿಗೆ ಹೇಳುತ್ತಿದ್ದೇನೆ.

ನ್ಯೂಜೆರ್ಸಿ_ಕನ್ನಡತಿ
ಇಲ್ಲಿ ಪತ್ರ ಆಗುವ ಹಿಂದಿನ ದಿನವೋ ಅದೇ ದಿನ ಬೆಳಿಗ್ಗೆಯೋ ಕೊಳ್ಳುವವರು ಬಂದು ಮನೆಯನ್ನೆಲ್ಲ ಒಂದು ಸುತ್ತು ನೋಡುತ್ತಾರೆ. ಒಲೆ ಹಚ್ಚಿ, ನಲ್ಲಿ ಬಿಟ್ಟು, ಫ್ಲಷ್ ಮಾಡಿ ಎಲ್ಲಾ ಪರೀಕ್ಷೆ ಆಗುತ್ತದೆ. ಮಾತಾದ ಸಾಮಾನು ಕಾಣದಿದ್ದರೆ ಅಲ್ಲೇ ನಿಲ್ಲಿಸುತ್ತಾರೆ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅನ್ನುವುದೆಲ್ಲ ಕರಾರಿನಲ್ಲೇ ಇರುತ್ತದೆ. ನಮ್ಮಲ್ಲೂ ಹಾಗೆ ಮಾಡಿದರೆ ಎಷ್ಟು ಚೆನ್ನ ಅಲ್ವಾ?

ಹಳೇ_ಮೀಟರ್
ಚೆನ್ನಾಗಿರುತ್ತದೆ ಮೇಡಂ, ಆದರೆ ಇಲ್ಲಿ ಜಾಸ್ತಿ ಜನ ಪತ್ರ ಆದ ಮೇಲೇ ಖಾಲಿ ಮಾಡುವುದು. ಹಣ ಕೈಗೆ ಬಾರದೆ ಸಾಮಾನು ಎಲ್ಲಿಗೆ ಸಾಗಿಸುತ್ತಾರೆ? ಹಾಗಾಗಿ ಕೀ ಕೊಡುವ ದಿನವೇ ಇಬ್ಬರೂ ಸೇರಿ ಒಂದು ಸುತ್ತು ಹಾಕುವುದು ವಾಸಿ.

ಫ್ಲ್ಯಾಟ್_ನಂ_ಹತ್ತು
ಫ್ಲ್ಯಾಟ್ ಮಾರುವವರು ಇದನ್ನು ಓದುತ್ತಿದ್ದರೆ ನಮ್ಮದೂ ಕೇಳಿ. ಸಂಘದಿಂದ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ. ಗೇಟಿನ ಆಪ್‌ನಿಂದ ನಿಮ್ಮ ಹೆಸರು ತೆಗೆಸಿ. ನಾನು ಮರೆತಿದ್ದೆ, ಅವರ ಮನೆಗೆ ಯಾರು ಬಂದರೂ ನನ್ನ ಮೊಬೈಲ್ ಬಡಿದುಕೊಳ್ಳುತ್ತಿತ್ತು. ನಾನು ಮೀಟಿಂಗಿನಲ್ಲಿದ್ದಾಗ ಅವರ ಅಡುಗೆಯವರು ಗೇಟಿನಲ್ಲಿ ಅರ್ಧ ಗಂಟೆ ನಿಂತಿದ್ದರು. ಕ್ಯಾಮೆರಾ, ವೈಫೈ, ನಂಬರ್ ಒತ್ತುವ ಬೀಗ ಇದ್ದರೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದು ಕೊಡಿ. ನಿಮ್ಮ ಪಾಸ್‌ವರ್ಡ್ ಅದರಲ್ಲಿ ಉಳಿಯಬಾರದು.

ಸರಸ್ವತಿಪುರಂ_ಮಗಳು
ನಾಲ್ಕು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಪ್ಲಂಬರ್ ಬಂದಿದ್ದರು. ವಾಲ್ವು ಹುಡುಕಲು ಮೀಟರ್ ಬಾಕ್ಸಿನ ಪಕ್ಕದ ಹಳೇ ಮರದ ಗೂಡಿನ ಬಾಗಿಲು ತೆಗೆದೆವು. ಅದರ ಕೀಲು ತುಕ್ಕು ಹಿಡಿದು ಬಿಗಿಯಾಗಿತ್ತು. ಅಪ್ಪ ಹೋದ ಮೇಲೆ ಯಾರೂ ತೆಗೆದಿರಲಿಲ್ಲ. ಬಾಗಿಲಿನ ಒಳಗಡೆ ಬಡಗಿಯ ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ! 'ಮೇಲಿನದು ಕಾರ್ಪೊರೇಷನ್. ನಡುವಿನದು ಬೋರು. ಕೆಳಗಿನದನ್ನು ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿಸಬಾರದು.' ಅದರ ಕೆಳಗೆ ಸಂಪು ತೊಳೆಸಿದ ತಾರೀಖುಗಳು, ಒಂದರ ಕೆಳಗೆ ಒಂದು. ಮೊದಲನೆಯದು 1991. ಮೋಟರ್ ವೈಂಡಿಂಗ್ ಮಾಡಿಸಿದ್ದು, ಅದಕ್ಕೆ ಕೊಟ್ಟ ಹಣ. ಕೊನೆಗೆ 'ಟ್ಯಾಂಕು 22 ನಿಮಿಷ'.

ಪ್ಲಂಬರ್ ಓದಿ, 'ಮೇಡಂ ನನಗೆ ಕೆಲಸವೇ ಇಲ್ಲ' ಅಂದರು. ಆದರೂ ಒಂದೊಂದನ್ನೂ ತಿರುಗಿಸಿ ನೋಡಿದೆವು. ಎಲ್ಲಾ ಅಪ್ಪ ಬರೆದ ಹಾಗೇ ಇದೆ. ಟ್ಯಾಂಕು ಮಾತ್ರ ಈಗ 31 ನಿಮಿಷ ತೆಗೆದುಕೊಳ್ಳುತ್ತದೆ, ಮೋಟರ್‌ಗೆ ವಯಸ್ಸಾಗಿದೆ.

ತೊಟ್ಟಿಮನೆ
ಓದಿ ಕಣ್ಣು ತುಂಬಿತು. ಆ ಹಲಗೆಯನ್ನಾದರೂ ಬಿಚ್ಚಿಕೊಂಡು ಹೋಗಿ. ಅದಕ್ಕೆ ಯಾವ ವಕೀಲರೂ ಅಡ್ಡ ಬರುವುದಿಲ್ಲ.

ಕೋರ್ಟು_ಕಚೇರಿ
ನಾನು ಅಡ್ಡ ಬರುವುದಿಲ್ಲ. ಕೊಂಡವರನ್ನು ಕೇಳಿ, ಖಂಡಿತ ಕೊಡುತ್ತಾರೆ.

ನಲ್ಲಿ_ನೀರು
ನನ್ನ ಮಾತು ಬೇರೆ. ಅದು ಅಲ್ಲೇ ಇರಲಿ. ಅದಕ್ಕಿಂತ ಒಳ್ಳೇ ನಕ್ಷೆ ಆ ಮನೆಗೆ ಯಾರೂ ಬರೆದುಕೊಡಲು ಆಗುವುದಿಲ್ಲ. ಫೋಟೋ ನೀವು ಇಟ್ಟುಕೊಳ್ಳಿ.

ಗುಡಿಬೀದಿ_ಅತ್ತೆ
ಅಮ್ಮ ಏನಂದರು ಮಗಳೇ?

ಸರಸ್ವತಿಪುರಂ_ಮಗಳು
ಅಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದರು ಅತ್ತೆ. 'ಅಲ್ಲೇ ಇರಲಿ' ಅಂದರು. '22 ಹೊಡೆದು ಹಾಕಿ 31 ಅಂತ ಬರಿ' ಅಂದರು. ಬರೆದೆ.

ಕೊಂಡವರ_ಕಡೆಯಿಂದ
ಆ ಮನೆಗೆ ಬರುವವರು ಪುಣ್ಯ ಮಾಡಿದ್ದಾರೆ.

ಕೃಷ್ಣೆಯ_ದಂಡೆ
ದೇವರ ಮನೆ ಬಾಗಿಲು ಕೊನೆಗೆ ಏನಾಯಿತು? ಹೇಳಲೇ ಇಲ್ಲ.

ಸರಸ್ವತಿಪುರಂ_ಮಗಳು
ಬಾಗಿಲು ಅಲ್ಲೇ ಉಳಿಯಿತು. ವಕೀಲರು ಹೇಳಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಟೇಪು ತರಿಸಿಕೊಂಡು ತಾವೇ ಅಳೆದರು. ಮೂರಡಿ ಅಗಲ, ಆರು ಅಡಿ ಎತ್ತರ. ನಮ್ಮ ಫ್ಲ್ಯಾಟಿನಲ್ಲಿ ದೇವರಿಗೆ ಇರುವುದು ಎರಡಡಿಯ ಗೂಡು. ಆಮೇಲೆ ಅವರೇ ಮನೆ ಕೊಂಡ ಆ ಹುಡುಗಿಗೆ ಫೋನ್ ಮಾಡಿ, 'ಎರಡು ಗಂಟೆ ಬಿಚ್ಚಿಕೊಳ್ಳಲಾ ಅಮ್ಮಾ?' ಅಂತ ಕೇಳಿದರು. 'ನಾಲ್ಕು ಬಿಚ್ಚಿಕೊಳ್ಳಿ ಆಂಟಿ' ಅಂದರಂತೆ. ಅಮ್ಮ ಎರಡೇ ತೆಗೆದುಕೊಂಡರು. ಎಡಕ್ಕೊಂದು, ಬಲಕ್ಕೊಂದು, ಎರಡೂ ಕೆಳಗಿನ ಸಾಲಿನವು. ಬಾಗಿಲು ನೋಡಿದರೆ ತೆಗೆದಿದ್ದು ಗೊತ್ತೇ ಆಗುವುದಿಲ್ಲ.

ಉಯ್ಯಾಲೆ ಹಲಗೆ, ಸರಪಳಿ ಅವರ ಒಪ್ಪಿಗೆ ಪಡೆದೇ ತಂದೆವು. 2006ರ ಬಿಲ್ಲುಗಳು ಒಂದು ಬಿಸ್ಕತ್ ಡಬ್ಬಿಯಲ್ಲಿ ಸಿಕ್ಕವು. ಲೆಕ್ಕದ_ಪುಸ್ತಕ ಅವರಿಗೆ ಎಷ್ಟು ಹೇಳಿದರೂ ಕಡಿಮೆ.

ಲೆಕ್ಕದ_ಪುಸ್ತಕ
ಡಬ್ಬಿ ಜೋಪಾನ! ಇವತ್ತೇ ಎಲ್ಲಾ ಸ್ಕ್ಯಾನ್ ಮಾಡಿಸಿ, ಶಾಯಿ ಮಾಸುತ್ತದೆ.

ಸರಸ್ವತಿಪುರಂ_ಮಗಳು
ಮೊನ್ನೆ ಶುಕ್ರವಾರ ಕೀ ಕೊಟ್ಟೆವು. ಸಹಾಯ ಮಾಡಿದ ಎಲ್ಲರಿಗೂ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಹಿಂದಿನ ದಿನ ಸಂಪು, ಟ್ಯಾಂಕು ತೊಳೆಸಿದೆವು. ಎಲ್ಲಾ ರೂಮಿಗೂ ಬಲ್ಬು ಇದೆ. ಬಚ್ಚಲಲ್ಲಿ ಹೊಸ ಬಕೆಟ್, ಚೊಂಬು. ಮೀಟರ್ ಫೋಟೋ ಇಬ್ಬರೂ ತೆಗೆದುಕೊಂಡು ಹಾಳೆಗೆ ಸಹಿ ಹಾಕಿದೆವು. ಆಧಾರ್ ಬಿಡಿಸಿ ಆಗಿತ್ತು. ಪತ್ರಗಳ ಪಟ್ಟಿಗೂ ಸಹಿ ಆಯಿತು. ಕೀಗಳಿಗೆ ಚೀಟಿ ಕಟ್ಟಿದ್ದೆ, 14 ಕೀ ಇದ್ದವು. ಎರಡು ಯಾವುದಕ್ಕೆ ಅಂತ ಗೊತ್ತೇ ಆಗಲಿಲ್ಲ, ಅವನ್ನೂ ಕೊಟ್ಟೆ. ಮೇಲಿನ ರೂಮಿನ ಈಶಾನ್ಯ ಮೂಲೆ ಜೋರು ಮಳೆಗೆ ಒದ್ದೆ ಆಗುತ್ತದೆ ಅಂತ ಹೇಳಿ ತೋರಿಸಿದೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಮಳೆ ಬರುವ ಮುಂಚೆ ಮಾಡಿಸುತ್ತೇವೆ ಅಂದರು.

ನನಗೆ ಗೊತ್ತಿಲ್ಲದ ಎಷ್ಟೋ ವಿಷಯ ಅಮ್ಮನಿಗೆ ಗೊತ್ತಿತ್ತು. ವಾಲ್ವು ಗೊತ್ತಿರಲಿಲ್ಲ ಅಷ್ಟೇ. ಹಿಂದಿನ ಬಾಗಿಲಿನ ಅಗುಳಿ ಮಳೆಗಾಲದಲ್ಲಿ ಬೀಳುವುದಿಲ್ಲ. ಅಮ್ಮ ಆ ಹುಡುಗಿಯ ಕೈ ಹಿಡಿದು ಬಾಗಿಲ ಹಿಡಿಯ ಮೇಲೆ ಇಡಿಸಿದರು. 'ಸ್ವಲ್ಪ ಮೇಲಕ್ಕೆ ಎತ್ತು. ಇನ್ನೂ ಸ್ವಲ್ಪ. ಈಗ ಮಂಡಿಯಿಂದ ತಳ್ಳು' ಅಂದರು. ಮೊದಲ ಸಲ ಬೀಳಲಿಲ್ಲ. ಎರಡನೇ ಸಲ ಟಕ್ ಅಂತ ಬಿತ್ತು. ಅವಳು ಮತ್ತೆ ತೆಗೆದು ಮತ್ತೆ ಹಾಕಿದಳು. ಮಗು ಅಷ್ಟರಲ್ಲಿ ತುಳಸಿ ಕಟ್ಟೆಯ ಮಣ್ಣು ಬಾಯಿಗೆ ಹಾಕಿಕೊಂಡಿತ್ತು.

ಅಡುಗೆ ಮನೆಯಲ್ಲಿ ಅಕ್ಕಿ, ಬೆಲ್ಲ, ನೀರು ಇಟ್ಟು ಬಂದೆವು ಅತ್ತೆ. ಸಸಿ ಕಾರಿನಲ್ಲಿ ಅಮ್ಮನ ಕಾಲ ಹತ್ತಿರ ಇಟ್ಟುಕೊಂಡು ಬಂದೆವು. ಎರಡು ಎಲೆ ಉದುರಿದೆ, ಉಳಿದದ್ದು ಚೆನ್ನಾಗಿದೆ.

ಗುಡಿಬೀದಿ_ಅತ್ತೆ
ಎರಡು ದಿನ ನೆರಳಲ್ಲಿ ಇಡು. ಆಮೇಲೆ ಬೆಳಗಿನ ಬಿಸಿಲು ಬೀಳುವ ಕಡೆ. ನೀರು ಜಾಸ್ತಿ ಬೇಡ.

ಧಾರವಾಡದ_ಓಣಿ
ಭಾಳ ಛಲೋ ಆಯಿತು ನೋಡ್ರಿ. ತೆಂಗಿನ ಮರದ ಕಾಯಿ ಯಾರು ಕೀಳುತ್ತಾರೆ? ಮರ ಹತ್ತುವವರು ಸಿಗುವುದು ಈಗ ಬಹಳ ಕಷ್ಟ. ಅವರ ನಂಬರ್ ಕೊಟ್ಟು ಬಂದಿರಾ?

ಸರಸ್ವತಿಪುರಂ_ಮಗಳು
ಇಲ್ಲ! ಮರೆತೇ ಹೋಗಿತ್ತು. ಅಮ್ಮನ ಫೋನಿನಿಂದ ಈಗ ತಾನೇ ಕಳಿಸಿದೆ. ಮೂರು ತಿಂಗಳಿಗೊಮ್ಮೆ ಬರುತ್ತಾರೆ, ಮುಂದಿನ ಸಲ ಬರುವುದು ಶ್ರಾವಣದಲ್ಲಿ ಅಂತಲೂ ಬರೆದೆ.